ಅಣ್ಣನ ಕಾರ್ಡು, ತಮ್ಮನ ಹೊಟ್ಟೆ

ದೊಡ್ಡವನು ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದ. ಆ ಮನೆಯಲ್ಲಿ ಒಂದಗುಳು ಬಿಟ್ಟರೂ ಅಜ್ಜಿ ಸುಮ್ಮನಿರುವವಳಲ್ಲ. "ಅನ್ನವನ್ನ ನೀನು ಬಿಟ್ರೆ ಅದೂ ನಿನ್ನ ಬಿಡುತ್ತೆ" ಎಂದು ಶುರು ಮಾಡಿದರೆ ಪಾತ್ರೆ ತೊಳೆದು ಮುಗಿಯುವವರೆಗೂ ನಿಲ್ಲಿಸುತ್ತಿರಲಿಲ್ಲ. ಅವತ್ತು ಅವಳು ಬಾಯಿ ತೆರೆಯಲಿಲ್ಲ. ಮಗನ ಎಡಗೈ ಎಲ್ಲಿದೆ ಎಂದಷ್ಟೇ ನೋಡಿದಳು. ಅದು ಹೊಟ್ಟೆಯ ಬಲಗಡೆ, ಕೆಳಗೆ, ಒತ್ತಿ ಹಿಡಿದುಕೊಂಡಿತ್ತು.

"ಗ್ಯಾಸು," ಎಂದಳು ಕೊನೆಗೆ.

"ಗ್ಯಾಸೇ," ಎಂದ ದೊಡ್ಡವನು.

"ಹೋದ ವರ್ಷ ಇವನಿಗೂ ಮೊದಲು ಗ್ಯಾಸೇ ಆಗಿತ್ತು," ಎಂದು ಸೊಸೆ ಸೌಟಿನಿಂದಲೇ ಮೈದುನನ ಕಡೆ ತೋರಿಸಿದಳು.

ಚಿಕ್ಕವನು ತಲೆಯೆತ್ತದೆ ಉಣ್ಣುತ್ತಿದ್ದ. ದೊಡ್ಡವನ ಮಗಳು ಹತ್ತನೇ ತರಗತಿಯಲ್ಲಿದ್ದಳು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಮನೆಯವರು ಅವಳಿಗೆ ಲಾಯರಮ್ಮ ಎಂದು ಹೆಸರಿಟ್ಟಿದ್ದರು. ಅವಳು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, "ಅಪ್ಪನಿಗೂ ಅದೇ ಆಗಿದ್ರೆ ಏನ್ಮಾಡೋದು?" ಎಂದಳು.

"ಬಾಯ್ಮುಚ್ಚಿ ಉಣ್ಣು," ಎಂದು ಮೂವರು ಒಟ್ಟಿಗೆ ಹೇಳಿದರು.

ಬಡವರ ಮನೆಯ ಹೊಟ್ಟೆನೋವಿಗೆ ಮೊದಲ ಹೆಸರು ಯಾವಾಗಲೂ ಗ್ಯಾಸು. ಗ್ಯಾಸಿಗೆ ರಜೆ ಬೇಡ, ಡಾಕ್ಟರು ಬೇಡ, ಒಂದು ಲೋಟ ಬಿಸಿನೀರು ಸಾಕು. ಆದರೆ ಈ ಮನೆಯವರು ಹೆದರಿದ್ದಕ್ಕೆ ಬೇರೆಯದೇ ಕಾರಣವಿತ್ತು. ದೊಡ್ಡವನಿಗೆ ಅಪೆಂಡಿಕ್ಸ್ ನೋವು ಬರುವ ಹಾಗೇ ಇರಲಿಲ್ಲ. ಕಂಪನಿಯ ಆಸ್ಪತ್ರೆಯ ಲೆಕ್ಕದಲ್ಲಿ ಅವನ ಅಪೆಂಡಿಕ್ಸನ್ನು ಹೋದ ವರ್ಷವೇ ಕೊಯ್ದು ತೆಗೆದಾಗಿತ್ತು.

ಅಣ್ಣ ತಮ್ಮ ಇಬ್ಬರೂ ಒಂದೇ ಸಾಬೂನು ಕಾರ್ಖಾನೆಯಲ್ಲಿ, ಒಂದೇ ಸಾಲಿನಲ್ಲಿ ಕೆಲಸ ಮಾಡುವವರು. ತುಂಡಾಗಿ ಬರುವ ಸಾಬೂನಿಗೆ ದೊಡ್ಡವನು ಅಚ್ಚಿನ ಯಂತ್ರದಲ್ಲಿ ಕಂಪನಿಯ ಹೆಸರು ಒತ್ತುತ್ತಾನೆ. ಚಿಕ್ಕವನು ಎದುರು ನಿಂತು, ಅಚ್ಚು ಸರಿಯಾಗಿ ಬೀಳದ್ದನ್ನು ಆರಿಸಿ ಮತ್ತೆ ಕರಗಿಸುವ ಬಾನಿಗೆ ಎಸೆಯುತ್ತಾನೆ, ತುಂಬಿದ ಪೆಟ್ಟಿಗೆಗಳನ್ನು ಹೊತ್ತು ಸಾಗಿಸುತ್ತಾನೆ. ಇಬ್ಬರಿಗೂ ಒಂದೇ ಸೈರನ್, ಒಂದೇ ಸೆಕೆ, ಮನೆಗೆ ಬಂದರೆ ಇಬ್ಬರ ಮೈಯಲ್ಲೂ ಒಂದೇ ವಾಸನೆ. ಆದರೆ ದೊಡ್ಡವನು ಕಾಯಂ ನೌಕರ, ನೀಲಿ ಅಂಗಿ. ಚಿಕ್ಕವನು ಕಂಟ್ರಾಕ್ಟರನ ಆಳು, ಹಳದಿ ಕೋಟು. ನೀಲಿ ಅಂಗಿಗೆ ಚಹಾ ಸ್ಟೀಲ್ ಲೋಟದಲ್ಲಿ, ಹಳದಿ ಕೋಟಿಗೆ ಕಾಗದದ ಕಪ್ಪಿನಲ್ಲಿ. ನೀಲಿ ಅಂಗಿಗೆ ಫೋಟೋ ಇರುವ ಆರೋಗ್ಯ ಕಾರ್ಡು. ಅದನ್ನು ತೋರಿಸಿದರೆ ಕಂಪನಿ ಗೊತ್ತುಮಾಡಿದ ಆಸ್ಪತ್ರೆಯಲ್ಲಿ ಅವನಿಗೆ, ಹೆಂಡತಿಗೆ, ಮಗಳಿಗೆ, ತಾಯಿಗೆ ಎಲ್ಲ ಪುಕ್ಕಟೆ. ಅಜ್ಜಿಯ ಬಿಪಿ ಮಾತ್ರೆಯೂ ಅದರ ಮೇಲೆಯೇ ಬರುತ್ತಿತ್ತು. ಹಳದಿ ಕೋಟಿಗೆ ಏನೂ ಇಲ್ಲ. ತಮ್ಮನ ಹೆಸರನ್ನೂ ಸೇರಿಸಿ ಎಂದು ದೊಡ್ಡವನು ಒಮ್ಮೆ ಆಫೀಸಿನಲ್ಲಿ ಕೇಳಿದ್ದಕ್ಕೆ ಗುಮಾಸ್ತ ನಕ್ಕು, "ತಮ್ಮ ಅಂದ್ರೆ ಕುಟುಂಬ ಅಲ್ಲಪ್ಪ" ಎಂದಿದ್ದ.

ಹೋದ ವರ್ಷ ಕುಟುಂಬವಲ್ಲದ ಆ ತಮ್ಮ ಪೆಟ್ಟಿಗೆ ಹೊತ್ತಲ್ಲೇ ಮುದುಡಿಕೊಂಡು ಬಿದ್ದ. ಕಂಟ್ರಾಕ್ಟರನ ಮೇಸ್ತ್ರಿ ಅವನನ್ನು ಗೇಟಿನಾಚೆ ಮರದ ಕೆಳಗೆ ಕೂರಿಸಿ, ಹಳದಿ ಕೋಟು ಬಿಚ್ಚಿಸಿಕೊಂಡು ಒಳಗೆ ಹೋದ. ಕೋಟು ಇಲ್ಲದಿದ್ದರೆ ಅವನು ಕಾರ್ಖಾನೆಯವನೇ ಅಲ್ಲ. ಸರ್ಕಾರದ ದೊಡ್ಡಾಸ್ಪತ್ರೆಯಲ್ಲಿ ಮಂಚ ಖಾಲಿ ಇರಲಿಲ್ಲ. ವರಾಂಡದಲ್ಲಿ ಚಾಪೆಯ ಮೇಲೆ ಮಲಗಿಸಿ, ಕೊಯ್ಯುವ ಡಾಕ್ಟರು ರಜೆಯಲ್ಲಿದ್ದಾರೆ, ಕಾಯಿರಿ ಎಂದರು. ಮಗನ ತುಟಿ ಬೆಳ್ಳಗಾಗುವುದನ್ನು ಅಜ್ಜಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದೊಡ್ಡವನ ಕಾರ್ಡು ತಂದು ಚಿಕ್ಕವನ ಜೇಬಿಗೆ ತುರುಕಿದಳು.

"ಇವತ್ತಿಂದ ನೀನೇ ನಿಮ್ಮಣ್ಣ. ಯಾರು ಕೇಳಿದ್ರೂ ಅವನ ಹೆಸರೇ ಹೇಳು."

ಇಬ್ಬರ ಮುಖವೂ ಒಂದೇ ಅಚ್ಚು, ಫೋಟೋ ಹಳೆಯದು. ಕಂಪನಿ ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ. ಹುಡುಗ ಉಳಿದ.

ನಾಟಕ ಶುರುವಾದದ್ದು ಆಮೇಲೆ. ಮಂಚದ ಮೇಲಿರುವವನು ಅಣ್ಣ ಎಂದಾದರೆ ಪಕ್ಕದಲ್ಲಿ ಕೂರಬೇಕಾದವಳು ಅಣ್ಣನ ಹೆಂಡತಿ. ಸೊಸೆ ಹೋಗಿ ಕೂತಳು. ನರ್ಸ್ ಬಂದು, "ನಿಮ್ಮ ಯಜಮಾನ್ರ ಮೈ ಒರೆಸಿ" ಎಂದು ಒದ್ದೆ ಬಟ್ಟೆ ಕೊಟ್ಟಾಗ ಅತ್ತಿಗೆ ಮೈದುನ ಇಬ್ಬರೂ ಗೋಡೆ ನೋಡಿದರು. ಅವಳು ಗೋಡೆ ನೋಡುತ್ತಲೇ ಒರೆಸಿದಳು. ಇತ್ತ ದೊಡ್ಡವನು ಗುಂಡುಕಲ್ಲಿನ ಹಾಗಿದ್ದರೂ ಕಿಟಕಿ ಬಾಗಿಲು ಹಾಕಿಕೊಂಡು ಮನೆಯೊಳಗೆ ಅಡಗಿದ್ದ. ಆಸ್ಪತ್ರೆಯಲ್ಲಿರುವವನು ಬೀದಿಯಲ್ಲಿ ಕಾಣಿಸಬಾರದಲ್ಲ. ಅವನಿಗೆ ಸಂಬಳದ ರಜೆ ಸಿಕ್ಕಿತು. ಹೊಲಿಗೆ ಹಾಕಿಸಿಕೊಂಡವನು ವಾರ ತುಂಬುವ ಮೊದಲೇ ಪೆಟ್ಟಿಗೆ ಹೊರಲು ಹೋದ, ಇಲ್ಲದಿದ್ದರೆ ಮೇಸ್ತ್ರಿ ಆ ಜಾಗಕ್ಕೆ ಬೇರೆಯವನನ್ನು ಹಾಕುತ್ತಿದ್ದ. ರಜೆ ಮುಗಿಸಿ ಬಂದ ದೊಡ್ಡವನು ಹೊಟ್ಟೆ ಹಿಡಿದು ಬಗ್ಗಿ ನಡೆಯುವ ವೇಷ ಹಾಕಿದ. ನೀಲಿ ಅಂಗಿಯ ಗೆಳೆಯರು, "ನೀನು ಭಾರ ಎತ್ತಬೇಡಪ್ಪ, ಆ ಹುಡುಗ ಎತ್ತುತ್ತಾನೆ" ಎಂದು ಅವನ ಪಾಲನ್ನೂ ಚಿಕ್ಕವನ ಹೆಗಲಿಗೇ ಹೇರಿದರು. ಹೊಲಿಗೆ ಇದ್ದವನು ಎತ್ತಿದ, ಇಲ್ಲದವನು ನಿಂತು ನೋಡಿದ. ಸಂಜೆ ಬಚ್ಚಲಲ್ಲಿ ತಮ್ಮನ ಬೆನ್ನಿಗೆ ಬಿಸಿನೀರು ಹಾಕುತ್ತ ದೊಡ್ಡವನು ಅತ್ತದ್ದು ಸೊಸೆಗೆ ಕೇಳಿಸಿತ್ತು.

ಈಗ ಅದೇ ನೋವು, ಅದೇ ಜಾಗದಲ್ಲಿ, ಕಾರ್ಡಿನ ನಿಜವಾದ ಯಜಮಾನನಿಗೆ ಬಂದಿತ್ತು.

ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆಗೆ ನೋವು ಇಳಿಯಿತು. ಒಂದು ವಾರ ಸುಮ್ಮನಿದ್ದು ಮತ್ತೆ ಬಂತು. ಸೊಸೆ ಮನೆಯಲ್ಲೇ ಶಾಲೆಯ ಯೂನಿಫಾರ್ಮ್ ಹೊಲಿಯುವವಳು. ಯಂತ್ರದ ಮುಂದೆ ಕೂತಲ್ಲೇ ಗಂಡನ ಹೆಜ್ಜೆಗೆ ಕಿವಿ ಕೊಡುತ್ತಿದ್ದಳು. ಬಲಗಾಲು ಎಳೆದು ಹಾಕುತ್ತಿದ್ದ. ಒಂದು ಭಾನುವಾರ ಅವನನ್ನು ಬೀದಿಯ ಕೊನೆಯ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ವಯಸ್ಸಾದ ಡಾಕ್ಟರು ಹೊಟ್ಟೆ ಒತ್ತಿ ಥಟ್ಟನೆ ಕೈ ತೆಗೆದರು. ದೊಡ್ಡವನು ಹಾರಿ ಬಿದ್ದ.

"ಅಪೆಂಡಿಕ್ಸು. ತಡ ಮಾಡಬೇಡಿ. ಕಂಪನಿ ಕಾರ್ಡ್ ಇದೆಯಲ್ಲ ನಿಮಗೆ, ಇನ್ನೇನು ಚಿಂತೆ? ಪುಣ್ಯವಂತರು."

ಅವತ್ತು ಊಟದ ಹೊತ್ತಿಗೆ ಸೊಸೆ ಬೇಳೆಯ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. "ಪುಣ್ಯವಂತರಂತೆ. ಕೇಳಿಸ್ತಾ ಅತ್ತೆ?"

"ಕಿವಿ ನೆಟ್ಟಗಿದೆ. ಪಾತ್ರೆ ಒಡೀಬೇಡ."

"ನಾಳೆ ಕಾರ್ಡ್ ತಗೊಂಡು ಹೋಗ್ತೀವಿ. ಏನಾಗುತ್ತೋ ಆಗಲಿ."

"ಏನಾಗುತ್ತೆ ಅಂತ ನಾನು ಹೇಳ್ತೀನಿ ಕೇಳು," ಎಂದ ದೊಡ್ಡವನು. "ಕಂಪ್ಯೂಟರಲ್ಲಿ ನೋಡ್ತಾರೆ. ಹೋದ ವರ್ಷ ತೆಗೆದದ್ದು ಮತ್ತೆ ಹೇಗೆ ಬೆಳೀತು ಅಂತಾರೆ. ಕಿತ್ತಷ್ಟೂ ಬಿಡೋಕೆ ಅದೇನು ಬದನೆಕಾಯಾ?"

ಲಾಯರಮ್ಮ ಕಿಸಕ್ಕನೆ ನಕ್ಕಳು. ಅಮ್ಮನ ಮುಖ ಕಂಡು ನಿಲ್ಲಿಸಿದಳು.

"ನಾನು ಹೋಗಿ ಒಪ್ಕೋತೀನಿ," ಎಂದ ಚಿಕ್ಕವನು. "ಅಣ್ಣನಿಗೆ ಗೊತ್ತಿಲ್ದೆ ಕಾರ್ಡ್ ಕದ್ದೆ ಅಂತೀನಿ."

"ನಾನು ರಜೆ ಹಾಕಿ ಮನೇಲಿ ಬಚ್ಚಿಟ್ಕೊಂಡಿದ್ದೂ ಗೊತ್ತಿಲ್ದೇನಾ? ನಿಮ್ಮತ್ತಿಗೆ ನಿನಗೆ ಗಂಜಿ ಕುಡಿಸಿದ್ದೂ ಗೊತ್ತಿಲ್ದೇನಾ? ಇಬ್ಬರ ಕೆಲಸಾನೂ ಹೋಗುತ್ತೆ, ಅಷ್ಟೇ."

"ಬರೀ ಗಂಜಿ ಕುಡಿಸಿದ್ದಲ್ಲ, ಮೈನೂ ಒರೆಸಿದೀನಿ," ಎಂದಳು ಸೊಸೆ. "ಯಾರು ಹೇಳಿದ್ರು ಅಂತ? ನೀವು ಹೇಳಿದ್ರಿ ಅಂತ, ಅತ್ತೆ. ನಿಮಗೆ ಯಾವಾಗ್ಲೂ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ."

"ಅವತ್ತು ಆ ವರಾಂಡದಲ್ಲಿ ನಿನ್ನ ಗಂಡ ಮಲಗಿದ್ರೂ ಅದನ್ನೇ ಮಾಡ್ತಿದ್ದೆ ಕಣೇ."

"ಈಗ ಅವರೇ ಮಲಗ್ತಿದಾರೆ. ಮಾಡಿ ನೋಡೋಣ. ಈಗ ಯಾರ ಕಾರ್ಡ್ ತರ್ತೀರಿ?"

ಅಜ್ಜಿ ತನ್ನ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ಹೋದಳು. ಚಿಕ್ಕವನು ಕೈ ತೊಳೆದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಇಂಥ ಮನೆಗಳಲ್ಲಿ ಜನ ಒಬ್ಬರನ್ನೊಬ್ಬರು ಕಚ್ಚುವುದು ಸ್ವಭಾವದಿಂದಲ್ಲ. ಸಿಟ್ಟು ಹೋಗಬೇಕಾದ ಕಡೆ ಗೇಟಿದೆ, ಗೇಟಿಗೆ ಕಾವಲಿದೆ. ಅದಕ್ಕೇ ಅದು ಅಡುಗೆಮನೆಯಲ್ಲೇ ಸುತ್ತಾಡುತ್ತದೆ.

ಮರುದಿನ ಕೂಲಿ ಬಿಟ್ಟು ಅಣ್ಣ ತಮ್ಮ ದೊಡ್ಡಾಸ್ಪತ್ರೆಗೆ ಹೋದರು. ಸಾಲಿನಲ್ಲಿ ನಿಂತು ನಿಂತು ಡಾಕ್ಟರ ಎದುರು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸ್ಕ್ಯಾನ್ ಮಾಡಿಸಬೇಕು ಎಂದರು. ಸ್ಕ್ಯಾನಿನ ಕೋಣೆಗೆ ಬೀಗ. ಯಂತ್ರ ಕೆಟ್ಟಿದೆ, ಮುಂದಿನ ತಿಂಗಳು ಬನ್ನಿ ಎಂದ ಅಲ್ಲಿದ್ದವನು. "ನೋವು ಮುಂದಿನ ತಿಂಗಳವರೆಗೆ ಕಾಯುತ್ತಾ?" ಎಂದು ಚಿಕ್ಕವನು ಕೇಳಿದ. "ಅದನ್ನ ನೋವಿಗೇ ಕೇಳಪ್ಪ," ಎಂದ ಅವನು. ಅವನೂ ಕಂಟ್ರಾಕ್ಟಿನವನೇ, ಬೆಳಗಿನಿಂದ ಅದೇ ಮಾತು ಹೇಳಿ ಹೇಳಿ ಅವನ ಬಾಯಿಯೂ ಸೋತಿತ್ತು.

ಎದುರು ರಸ್ತೆಯ ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ಯಂತ್ರವೂ ಇತ್ತು, ಡಾಕ್ಟರೂ ಇದ್ದರು, ಮಂಚಗಳೂ 'ಬಾ' ಎನ್ನುವ ಹಾಗೆ ಖಾಲಿ ಇದ್ದವು. ಮುಂಗಡ ಎಷ್ಟು ಕಟ್ಟಬೇಕೆಂದು ಕೌಂಟರಿನ ಹುಡುಗಿ ನಗುನಗುತ್ತ ಹೇಳಿದಳು. ಅಷ್ಟು ದುಡ್ಡನ್ನು ಆ ಮನೆಯವರು ಒಟ್ಟಿಗೆ ಕಂಡದ್ದೇ ಇಲ್ಲ. ಇಬ್ಬರೂ ಬಸ್ಸು ಹತ್ತಿ ವಾಪಸು ಬಂದರು.

ಆಮೇಲಿನ ಎರಡು ವಾರ ಆ ಮನೆ ದೊಡ್ಡವನ ಹೊಟ್ಟೆಯ ಸುತ್ತ ನಡೆಯಿತು. ಅವನೊಬ್ಬನಿಗೇ ಗಂಜಿ ಮಾಡಿದರೆ ಬೇಜಾರಾಗುತ್ತಾನೆಂದು ಅಜ್ಜಿ ಎಲ್ಲರಿಗೂ ಗಂಜಿಯನ್ನೇ ಮಾಡಿದಳು. "ಇದು ಮನೆಯೋ ಆಸ್ಪತ್ರೆಯೋ?" ಎಂದು ಲಾಯರಮ್ಮ ಗೊಣಗಿದಳು. "ಆಸ್ಪತ್ರೆಯಾಗಿದ್ರೆ ಚೆನ್ನಾಗಿರ್ತಿತ್ತು," ಎಂದ ದೊಡ್ಡವನು. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಚೆ ಹೋದಾಗಲೆಲ್ಲ ಚಿಕ್ಕವನು ಅಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿ, ಅಚ್ಚಿನ ಪೆಡಲನ್ನು ತಾನೇ ತುಳಿಯುತ್ತಿದ್ದ. ಸೊಸೆ ಅತ್ತೆಯ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಾದರೆ ಮಗಳ ಕೈಲಿ ಹೇಳಿಸುತ್ತಿದ್ದಳು. ಅತ್ತೆ ಪಕ್ಕದಲ್ಲೇ ಕೂತಿದ್ದರೂ "ಉಪ್ಪು ಬೇಕಾ ಅಂತ ನಿಮ್ಮಜ್ಜಿನ ಕೇಳು" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ದೊಡ್ಡವನು ಬಚ್ಚಲಿನಿಂದ ಹೊರಗೆ ಬರಲಿಲ್ಲ. ಚಿಕ್ಕವನು ಬಾಗಿಲು ದೂಡಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದ. ಮೈ ಕೆಂಡವಾಗಿತ್ತು, ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು.

ಸೊಸೆ ಅವನಿಗೆ ನೀಲಿ ಅಂಗಿ ತೊಡಿಸಿದಳು. ಟ್ರಂಕಿನಿಂದ ಕಾರ್ಡು ತೆಗೆದಳು. "ಆಟೋ ತಗೊಂಡು ಬಾ," ಎಂದಳು ಮೈದುನನಿಗೆ. "ಕಂಪನಿ ಆಸ್ಪತ್ರೆಗೆ. ನೀನು ಒಳಗೆ ಬರಬೇಡ. ಇಬ್ಬರ ಮುಖ ಒಟ್ಟಿಗೆ ನೋಡಿದ್ರೆ ಕುರುಡನಿಗೂ ಗೊತ್ತಾಗುತ್ತೆ."

ಅಜ್ಜಿ ಹೊಸ್ತಿಲಲ್ಲಿ ಅವಳ ಕೈ ಹಿಡಿದಳು. "ಹೋಗು. ಆದ್ರೆ ಬಾಯಿ ಬಿಡಬೇಡ. ಹೊಟ್ಟೆನೋವು ಅಂತ ಅಷ್ಟೇ ಹೇಳು. ಉಳಿದದ್ದು ಅವರೇ ಕಂಡು ಹಿಡೀತಾರೆ."

ಆಸ್ಪತ್ರೆಯ ಒಳಗೆ ತಣ್ಣಗಿತ್ತು. ಗಾಜಿನ ತೊಟ್ಟಿಯಲ್ಲಿ ಮೀನುಗಳು ಈಜುತ್ತಿದ್ದವು. ಕಾರ್ಡು ತೋರಿಸಿದ ಕೂಡಲೇ ತಳ್ಳುಗಾಡಿ ಬಂತು, ಮಂಚ ಸಿಕ್ಕಿತು, ನರ್ಸ್ ಬಂದಳು. ಒಂದು ಪ್ಲಾಸ್ಟಿಕ್ ತುಂಡಿಗೆ ಇಷ್ಟು ಮರ್ಯಾದೆ. ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಒರಟು ಮಾತಿನವರಲ್ಲ. ರೋಗಿಯನ್ನು ಮುಟ್ಟುವ ಮೊದಲು ಕಂಪ್ಯೂಟರ್ ನೋಡಿದರು.

"ಅಪೆಂಡಿಕ್ಸ್ ಹೋದ ವರ್ಷ ನಮ್ಮಲ್ಲೇ ತೆಗೆದಿದಾರೆ. ಹಾಗಾಗಿ ಅದಲ್ಲ. ಆಪರೇಶನ್ ಆದೋರಿಗೆ ಕೆಲವು ಸಲ ಕರುಳು ಅಂಟ್ಕೊಂಡು ಹೀಗೆ ನೋವು ಬರುತ್ತೆ. ಡ್ರಿಪ್ ಹಾಕಿರೋಣ. ಸಂಜೆ ದೊಡ್ಡ ಡಾಕ್ಟರು ಬಂದು ನೋಡ್ತಾರೆ."

ಸೊಸೆ ಗಂಡನನ್ನು ನೋಡಿದಳು. ಅವನು ಹಲ್ಲು ಕಚ್ಚಿಕೊಂಡು, ಬೇಡ ಎಂದು ತಲೆ ಅಲ್ಲಾಡಿಸಿದ. ಇಪ್ಪತ್ತು ವರ್ಷ ಬೆವರು ಸುರಿಸಿ ಗಳಿಸಿದ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಜೀವ ಹೋಗುತ್ತಿದ್ದರೂ ಕೆಲಸ ಹೋಗಬಾರದು ಎಂಬ ಆ ಹಿಡಿತ ಕಂಡು ಅವಳಿಗೆ ಮೈಯೆಲ್ಲ ಉರಿಯಿತು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅಂಗಿಯನ್ನು ಎದೆಯವರೆಗೆ ಎತ್ತಿದಳು.

"ಎಲ್ಲಿದೆ ತೋರಿಸಿ," ಎಂದಳು. "ಹೋದ ವರ್ಷ ಕೊಯ್ದ ಗುರುತು ಎಲ್ಲಿದೆ ತೋರಿಸಿ."

ಡಾಕ್ಟರು ನೋಡಿದರು. ಒಂದು ಗೀರೂ ಇಲ್ಲದ ಹೊಟ್ಟೆ. ಕಂಪ್ಯೂಟರ್ ನೋಡಿದರು, ಮತ್ತೆ ಹೊಟ್ಟೆ ನೋಡಿದರು.

"ಹೋದ ವರ್ಷ ಇವರ ಹೆಸರಲ್ಲಿ ಇಲ್ಲಿ ಮಲಗಿದ್ದು ನನ್ನ ಮೈದುನ. ಅವನಿಗೆ ಕಾರ್ಡ್ ಇಲ್ಲ. ಇವರದು ಇವರ ಹೊಟ್ಟೇಲೇ ಇದೆ."

"ನೀವು ಹೇಳ್ತಿರೋದು ಸಣ್ಣ ವಿಷಯ ಅಲ್ಲಮ್ಮ. ಇದನ್ನ ನಾನು ಬರೀಬೇಕಾಗುತ್ತೆ."

"ಬರೀರಿ. ಮೊದಲು ಕೊಯ್ಯಿರಿ, ಆಮೇಲೆ ಬರೀರಿ."

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಓಡಿಹೋಗಿ ಫೋನ್ ಮಾಡಿದರು. ಆ ಮಟ್ಟಿಗೆ ಒಳ್ಳೆಯವರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕಾರ್ಡಿನ ಕೌಂಟರಿನವನು ಬಂದು, ಇನ್ನು ಈ ಕಾರ್ಡು ನಡೆಯುವುದಿಲ್ಲ, ಖರ್ಚೆಲ್ಲ ನಿಮ್ಮದೇ ಎಂದು ಒಂದು ಕಾಗದ ಮುಂದೆ ಚಾಚಿದ. ಗಂಡನನ್ನು ಒಳಗೆ ತಳ್ಳಿಕೊಂಡು ಹೋಗುತ್ತಿರುವಾಗ ಸೊಸೆ ಓದದೆ ಸಹಿ ಹಾಕಿದಳು.

ಅಪೆಂಡಿಕ್ಸ್ ಒಡೆದು ಹೊಟ್ಟೆ ತುಂಬ ಕೀವಾಗಿತ್ತು. ಮೊದಲ ವಾರವೇ ಬಂದಿದ್ದರೆ ಅರ್ಧ ಗಂಟೆಯ ಕೆಲಸ ಎಂದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡ ಹಾಗಾಯಿತು. ಚಿಕ್ಕವನ ಹೊಟ್ಟೆಯ ಮೇಲಿದ್ದದ್ದು ಬೆರಳುದ್ದದ ಗೆರೆ. ದೊಡ್ಡವನ ಹೊಟ್ಟೆಯನ್ನು ಮೇಲಿನಿಂದ ಕೆಳಗೆ ಸೀಳಿದ್ದರು. ಬಹಳ ದಿನ ಮಲಗಿ, ಅರ್ಧ ಆಳಾಗಿ ಮನೆಗೆ ಬಂದಾಗ ಹೊಲಿಗೆ ಯಂತ್ರ ಇದ್ದ ಜಾಗದಲ್ಲಿ ನೆಲ ಮಾತ್ರ ಇತ್ತು. ಅದನ್ನು ಮಾರಿದ ದುಡ್ಡು ಆಸ್ಪತ್ರೆಯ ಸಾಲದ ಯಾವ ಮೂಲೆಗೂ ಸಾಲಲಿಲ್ಲ.

"ಬಾಯಿ ಬಿಡಬೇಡ ಅಂದಿದ್ದೆ," ಎಂದಳು ಅಜ್ಜಿ, ಮಗನಿಗೆ ದಿಂಬು ಕೊಡುತ್ತ.

"ಮುಚ್ಕೊಂಡಿದ್ರೆ ಇವತ್ತು ದಿಂಬು ಕೊಡೋಕೆ ತಲೆ ಇರ್ತಿರಲಿಲ್ಲ," ಎಂದಳು ಸೊಸೆ. ಎಷ್ಟೋ ದಿನಗಳ ನಂತರ ಅತ್ತೆಗೆ ನೇರವಾಗಿ ಆಡಿದ ಮೊದಲ ಮಾತು ಅದು.

ವಿಚಾರಣೆಗೆ ದೊಡ್ಡವನನ್ನು ಕರೆದಿದ್ದರು. ತಾನೂ ಬರುತ್ತೇನೆಂದು ಅಜ್ಜಿ ಹಟ ಹಿಡಿದು ಹೊರಟಳು. ಮ್ಯಾನೇಜರನ ಕೋಣೆ ಆಸ್ಪತ್ರೆಗಿಂತ ತಣ್ಣಗಿತ್ತು. ಮೇಜಿನ ಮೇಲೆ ವಾರದ ಒಂದೊಂದು ದಿನಕ್ಕೂ ಒಂದೊಂದು ಗೂಡಿದ್ದ ಮಾತ್ರೆ ಡಬ್ಬಿ ಇತ್ತು. ಮ್ಯಾನೇಜರ್ ಜೋರು ಮಾಡಲಿಲ್ಲ. ಅಂಥವರು ಜೋರು ಮಾಡುವುದಿಲ್ಲ.

"ನೀನು ಒಳ್ಳೆ ಕೆಲಸಗಾರ. ಅದಕ್ಕೇ ನನಗೆ ಬೇಜಾರು. ಆದ್ರೆ ಇದು ಕಳ್ಳತನ. ಬೇರೆ ಹೆಸರಿಲ್ಲ ಇದಕ್ಕೆ."

"ಕಾರ್ಡ್ ಕೊಟ್ಟಿದ್ದು ನಾನು," ಎಂದಳು ಅಜ್ಜಿ. "ಶಿಕ್ಷೆ ನನಗೆ ಕೊಡಿ."

"ಅಜ್ಜಿ, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ತಮ್ಮ ಅನ್ನೋನು ಕಾರ್ಡಿನ ಕುಟುಂಬಕ್ಕೆ ಸೇರಲ್ಲ. ನಿಯಮ."

"ನಾನು ಹೆತ್ತಿದ್ದು ಇಬ್ಬರನ್ನ. ನಿಮ್ಮ ಕಾರ್ಡು ಒಬ್ಬನನ್ನೇ ಹೆತ್ತಿದೆ. ಇಬ್ಬರೂ ನಿಮ್ಮ ಸಾಬೂನೇ ಮಾಡ್ತಾರಲ್ಲ, ಅದ್ರಲ್ಲಿ ಯಾರು ಮುಟ್ಟಿದ್ದು ಯಾವುದು ಅಂತ ಹೇಳಿ ನೋಡೋಣ?"

ಮ್ಯಾನೇಜರ್ ಗಡಿಯಾರ ನೋಡಿದ. ಆಮೇಲೆ ಕಾಗದಕ್ಕೆ ಸಹಿ ಹಾಕಿದ. ದೊಡ್ಡವನ ಅಂಗಿಯನ್ನೂ ಕಾರ್ಡನ್ನೂ ಅಲ್ಲೇ ವಾಪಸು ತೆಗೆದುಕೊಂಡರು. ಸೊಸೆ ಇದನ್ನು ಮೊದಲೇ ಊಹಿಸಿ ಇನ್ನೊಂದು ಅಂಗಿಯನ್ನು ಚೀಲದಲ್ಲಿ ಕಳಿಸಿದ್ದಳು. ಕಾರಿಡಾರಿನಲ್ಲಿ ನಿಂತು ಅಜ್ಜಿಯೇ ಗುಂಡಿ ಹಾಕಿದಳು.

ಚಿಕ್ಕವನನ್ನೂ ಮೇಸ್ತ್ರಿ ಓಡಿಸಿದ, ಹತ್ತು ದಿನ ಬಿಟ್ಟು ತಾನೇ ಕರೆದ. ಪೆಟ್ಟಿಗೆ ಹೊರಲು ಆಳು ಸಿಕ್ಕಿರಲಿಲ್ಲ. ತಿಂಗಳು ಕಳೆದ ಮೇಲೆ ಮೇಸ್ತ್ರಿ ಮನೆಗೇ ಬಂದ. ಬಾಗಿಲಲ್ಲಿ ನಿಂತು, "ಅಚ್ಚಿನ ಯಂತ್ರಕ್ಕೆ ಹಾಕಿದ ಹೊಸಬ ಓಡಿಹೋದ," ಎಂದು ದೊಡ್ಡವನಿಗೆ ಹೇಳಿದ. "ನನ್ನ ಕಡೆಯಿಂದ ಬಾ. ಅದೇ ಯಂತ್ರ. ನೀಲಿ ಅಂಗಿ ಇರಲ್ಲ, ಅಷ್ಟೇ."

"ಕೂಲಿ?" ಎಂದಳು ಸೊಸೆ.

"ಇವನ ತಮ್ಮನಿಗೆ ಎಷ್ಟೋ ಅಷ್ಟೇ."

"ಮತ್ತೆ ಕೆಲಸದ ಜಾಗದಲ್ಲಿ ಬಿದ್ರೆ?"

"ಬೀಳೋದು ಯಾಕೆ ತಾಯಿ? ಬಿಡಿಸಿ ಹೇಳಬೇಕಾ ಎಲ್ಲಾನೂ?"

ಅವನು ಹೋದ ಮೇಲೆ ಚಿಕ್ಕವನು ಹಾರಾಡಿದ. "ಅಣ್ಣ, ಹೋಗಬೇಡ. ಉಗಿದು ಕಳಿಸಿದೋರ ಹತ್ರ ಮತ್ತೆ ಕೈಕಟ್ಟಿ ನಿಲ್ತೀಯಾ?"

"ಬಡವನ ಕೋಪ ದವಡೆಗೆ ಮೂಲ ಕಣೋ. ಆಸ್ಪತ್ರೆ ಸಾಲ ಯಾರು ತೀರಿಸ್ತಾರೆ, ನಿನ್ನ ಕೋಪಾನಾ?"

ಸೋಮವಾರದಿಂದ ಅಣ್ಣ ತಮ್ಮ ಇಬ್ಬರೂ ಹಳದಿ ಕೋಟು ತೊಟ್ಟು ಹೋದರು. ಅಂಗಿಯೊಂದನ್ನು ಬಿಟ್ಟರೆ ಆ ಯಂತ್ರದಲ್ಲಿ ಏನೂ ಬದಲಾಗಲಿಲ್ಲ. ಅದೇ ಪೆಡಲು, ಅದೇ ಅಚ್ಚು. ಕಂಪನಿಗೆ ಅದೇ ಸಾಬೂನು ಅರ್ಧ ಬೆಲೆಗೆ ಒತ್ತಿಕೊಡುವವನು ಸಿಕ್ಕಿದ. ಕಳ್ಳತನ ಎಂಬುದಕ್ಕೆ ಬೇರೆ ಹೆಸರಿಲ್ಲ ಎಂದಿದ್ದ ಮ್ಯಾನೇಜರ್. ಇದಕ್ಕೆ ಅವನ ಹತ್ತಿರ ಏನು ಹೆಸರಿತ್ತೋ.

ಆ ವಾರದ ಕೊನೆಯಲ್ಲಿ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಚಿಕ್ಕವನು ಅನ್ನ ಕಲಸುವುದನ್ನು ಬಿಟ್ಟು ಶುರು ಮಾಡಿದ.

"ಇವತ್ತು ಮ್ಯಾನೇಜರು ಯಾರೋ ದೊಡ್ಡ ಮನುಷ್ಯರನ್ನ ಕರ್ಕೊಂಡು ಬಂದಿದ್ರು, ಕಾರ್ಖಾನೆ ತೋರಿಸೋಕೆ. ಅಣ್ಣನ ಯಂತ್ರದ ಹತ್ರ ಬಂದ್ರು. ಮುಖ ನೋಡಲಿಲ್ಲ, ಅಚ್ಚು ನೋಡಿದ್ರು. ಇವನು ನಮ್ಮಲ್ಲಿ ಬಹಳ ಅನುಭವಸ್ಥ, ಇವನ ಕೈಲಿ ಒಂದು ಸಾಬೂನೂ ಕೆಡಲ್ಲ ಅಂದ್ರು. ಬಂದೋರು ಅಣ್ಣನ್ನ ಕೇಳಿದ್ರು, ಎಷ್ಟು ವರ್ಷ ಆಯ್ತಪ್ಪ ಇಲ್ಲಿ ಅಂತ."

"ಏನಂದ್ರಿ?" ಎಂದು ಸೊಸೆ ಗಂಡನ ಕಡೆ ತಿರುಗಿದಳು.

ದೊಡ್ಡವನು ತುತ್ತು ನುಂಗಿದ. "ಸೋಮವಾರ ಸೇರಿದೆ ಸಾರ್ ಅಂದೆ."

ಲಾಯರಮ್ಮ ಬಿದ್ದು ಬಿದ್ದು ನಕ್ಕಳು. "ಅದು ಸುಳ್ಳೂ ಅಲ್ಲ. ಅವರ ಲೆಕ್ಕದಲ್ಲಿ ಅದೇ ನಿಜ."

"ಆಗ ನೋಡಿದ್ರು ಮ್ಯಾನೇಜರು ಮುಖಾನ," ಎಂದ ಚಿಕ್ಕವನು. "ಬಂದೋರನ್ನ ಸರಸರ ಅಂತ ಮುಂದಕ್ಕೆ ಕರ್ಕೊಂಡು ಹೋದ್ರು."

ನಕ್ಕರೆ ಹೊಲಿಗೆಯ ಜಾಗ ಎಳೆಯುತ್ತದೆಂದು ದೊಡ್ಡವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸೊಸೆಯೂ ನಕ್ಕಳು. ಅಜ್ಜಿಯೂ ನಗುತ್ತಲೇ ತನ್ನ ಪುಟ್ಟ ಡಬ್ಬಿ ತೆಗೆದು, ಮಾತ್ರೆಯೊಂದನ್ನು ತಟ್ಟೆಯ ಪಕ್ಕ ಇಟ್ಟುಕೊಂಡು, ಚಮಚದ ಬೆನ್ನಿನಿಂದ ಒತ್ತಿ ಎರಡು ಹೋಳು ಮಾಡಿದಳು. ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಡಬ್ಬಿಗೆ ಹಾಕಿದಳು.

"ಇನ್ನರ್ಧ ಯಾರಿಗೆ ಅಜ್ಜಿ?" ಎಂದಳು ಲಾಯರಮ್ಮ.

"ನಾಳೆಗೆ."

ನಗು ನಿಂತಿತು. ದೊಡ್ಡವನು ಕೇಳಿದ. "ಯಾವಾಗಿಂದ ಹೀಗೆ ಮಾಡ್ತಿದೀಯಮ್ಮ?"

"ಕಾರ್ಡ್ ಕಿತ್ಕೊಂಡಾಗಿನಿಂದ. ದೊಡ್ಡಾಸ್ಪತ್ರೇಲಿ ಕೇಳಿದ್ರೆ ಈ ಮಾತ್ರೆ ಬಂದಿಲ್ಲ ಬಂದಿಲ್ಲ ಅಂತಾರೆ. ಅರ್ಧ ನುಂಗಿದ್ರೂ ಕೆಲಸ ಮಾಡುತ್ತೆ ಬಿಡು. ನನಗೇನಾಗಿದೆ?"

"ನಿಮ್ಮ ಬಿಪಿನೂ ಅರ್ಧ ಆಗಿದ್ಯಾ ಅತ್ತೆ?" ಎಂದು ಸೊಸೆ ಎದ್ದಳು. ಡಬ್ಬಿಯನ್ನು ಕಿತ್ತುಕೊಂಡು, ಆ ಅರ್ಧ ಮಾತ್ರೆಯನ್ನು ಅಂಗೈಗೆ ಸುರಿದುಕೊಂಡು, ನೀರಿನ ಲೋಟದ ಜೊತೆ ಅತ್ತೆಯ ಬಾಯಿಯ ಹತ್ತಿರ ಹಿಡಿದಳು. "ನುಂಗಿ."

"ಇವತ್ತು ಪೂರ್ತಿ ನುಂಗಿದ್ರೆ ಮುಂದಿನ ವಾರಕ್ಕೆ ಎಲ್ಲಿಂದ ತರ್ತೀಯಾ?"

"ಕದ್ದು ತರ್ತೀನಿ. ಕಳ್ಳರು ಅಂತ ಹೆಸರು ಹೇಗೂ ಬಂದಾಗಿದೆ. ನುಂಗಿ."

ಅಜ್ಜಿ ಸೊಸೆಯ ಮುಖ ನೋಡಿದಳು. ಅದರಲ್ಲಿ ತಮಾಷೆ ಇರಲಿಲ್ಲ. ಅವಳು ಬಾಯಿ ತೆರೆದಳು.